ರಕ್ತದ ಹನಿಯಲ್ಲಿ ಹುಳುವಿನ ಗುರುತು

ಇಷ್ಟಲಿಂಗವನ್ನು ಧರಿಸುವ ಈ ಅಂಗವನ್ನು ಹೀನವೆಂದು ಕಾಣದ ಧರ್ಮ ನಮ್ಮದು. ಶರಣರು ದೇಹವನ್ನು ಪ್ರಸಾದಕಾಯವೆಂದು ಭಾವಿಸಿದರು. ಕಾಯವು ಸುಸ್ಥಿತಿಯಲ್ಲಿದ್ದರೆ ಕಾಯಕ ಸಾಗುತ್ತದೆ, ಕಾಯಕ ಸಾಗಿದರೆ ದಾಸೋಹ ನಡೆಯುತ್ತದೆ. ಆದುದರಿಂದ ದೇಹವನ್ನು ಕಾಡುವ ರೋಗಗಳ ವಿಚಾರವನ್ನು ಇಂತಹ ಪತ್ರಿಕೆಯಲ್ಲಿ ಚರ್ಚಿಸುವುದು ಅಪ್ರಸ್ತುತವಾಗಲಾರದೆಂದು ನಾವು ನಂಬಿದ್ದೇವೆ. ಈ ಸಂಚಿಕೆಯಲ್ಲಿ ಆನೆಕಾಲು ರೋಗವನ್ನು ಉಂಟುಮಾಡುವ ಹುಳುವಿನ ಬಗೆಗೂ, ಮನುಷ್ಯನ ರಕ್ತದಲ್ಲಿ ಅದರ ಡಿಎನ್‌ಎಯನ್ನು ಹುಡುಕಿ ಅದನ್ನು ಪತ್ತೆಹಚ್ಚುವ ಹೊಸ ಪರೀಕ್ಷೆಯ ಬಗೆಗೂ ಓದುಗರಿಗೆ ತಿಳಿಸಬಯಸುತ್ತೇವೆ.

ಈ ವಿಷಯ ನಮಗೆ ದೂರದ್ದಲ್ಲ. ಕಲಬುರಗಿ, ಯಾದಗಿರಿ, ಬೀದರ, ರಾಯಚೂರು, ವಿಜಯಪುರ, ಬಾಗಲಕೋಟೆ ಹಾಗೂ ಕರಾವಳಿಯ ಮೂರು ಜಿಲ್ಲೆಗಳನ್ನು ಕರ್ನಾಟಕದಲ್ಲಿ ಆನೆಕಾಲು ರೋಗದ ನೆಲೆಗಳೆಂದು ಗುರುತಿಸಲಾಗಿತ್ತು. ಬಸವಕಲ್ಯಾಣವಿರುವುದು ಬೀದರ ಜಿಲ್ಲೆಯಲ್ಲಿ, ಬಸವನ ಬಾಗೇವಾಡಿ ವಿಜಯಪುರ ಜಿಲ್ಲೆಯಲ್ಲಿ, ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯಲ್ಲಿ. ಶರಣರು ನಡೆದಾಡಿದ ನೆಲವೇ ಈ ರೋಗದ ನೆಲವೂ ಆಗಿರುವುದನ್ನು ನಾವು ಮನಗಾಣಬೇಕು. ಈ ಭಾಗದ ಜಾತ್ರೆ, ಉತ್ಸವಗಳಿಗೆ ಹೋದವರು ಬಾತ ಕಾಲನ್ನು ಎಳೆದುಕೊಂಡು ಬರುವ ಹಿರಿಯರನ್ನು ಕಂಡಿರುತ್ತಾರೆ. ಅದು ಹಿಂದಿನ ಜನ್ಮದ ಫಲವೆಂದೋ, ಯಾರದೋ ಶಾಪವೆಂದೋ ಹೇಳುವವರು ಇಂದಿಗೂ ಇದ್ದಾರೆ. ಕರ್ಮದ ಹೆಸರಿನಲ್ಲಿ ನೊಂದವರನ್ನು ದೂರವಿಡುವುದು ಬಸವಾದಿ ಶರಣರ ಮಾರ್ಗಕ್ಕೆ ಒಪ್ಪುವ ಮಾತಲ್ಲ. ಆ ಬಾವಿಗೆ ಕಾರಣ ದಾರದಷ್ಟು ತೆಳ್ಳಗಿನ ಒಂದು ಹುಳು.

ಹುಳುವಿನ ಬದುಕು

ಈ ಹುಳುವಿನ ಹೆಸರು ವುಚೆರೇರಿಯಾ ಬ್ಯಾಂಕ್ರಾಫ್ಟಿ. ಭಾರತದಲ್ಲಿ ಕಾಣುವ ಆನೆಕಾಲು ರೋಗಕ್ಕೆ ಬಹುಮಟ್ಟಿಗೆ ಇದೇ ಕಾರಣ. ಕೇರಳದ ಕೆಲವು ಕಡೆ ಬ್ರೂಜಿಯಾ ಮಲಾಯಿ ಎಂಬ ಇನ್ನೊಂದು ಜಾತಿಯೂ ಉಂಟು. ಬೆಳೆದ ಹೆಣ್ಣುಹುಳು ಎಂಟರಿಂದ ಹತ್ತು ಸೆಂಟಿಮೀಟರಿನಷ್ಟು ಉದ್ದವಿರುತ್ತದೆ. ಗಂಡುಹುಳು ಅದರ ಅರ್ಧದಷ್ಟಿರುತ್ತದೆ. ಇವು ನಮ್ಮ ದುಗ್ಧರಸ ನಾಳಗಳಲ್ಲಿ ಗೂಡು ಕಟ್ಟಿಕೊಂಡು ಐದಾರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬದುಕುತ್ತವೆ. ಆ ಅವಧಿಯಲ್ಲಿ ಲಕ್ಷಾಂತರ ಮರಿಗಳನ್ನು ಹಾಕುತ್ತವೆ. ಮೈಕ್ರೋಫೈಲೇರಿಯಾ ಎಂದು ಕರೆಯಲಾಗುವ ಈ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ. ಅವು ರಕ್ತದಲ್ಲಿ ಸೇರಿ ಹರಿದಾಡುತ್ತವೆ.

ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಅಂತಹವರ ರಕ್ತವನ್ನು ಹೀರಿದಾಗ ಮರಿಗಳು ಸೊಳ್ಳೆಯ ಹೊಟ್ಟೆಯನ್ನು ಸೇರುತ್ತವೆ. ಸುಮಾರು ಎರಡು ವಾರಗಳಲ್ಲಿ ಸೊಳ್ಳೆಯ ದೇಹದಲ್ಲಿ ಬೆಳೆದು, ಮತ್ತೊಬ್ಬರನ್ನು ಸೊಳ್ಳೆ ಕಚ್ಚಿದಾಗ ಅವರ ಚರ್ಮದ ಮೂಲಕ ಒಳಸೇರುತ್ತವೆ. ಕ್ಯೂಲೆಕ್ಸ್ ಸೊಳ್ಳೆ ಹುಟ್ಟುವುದು ಚರಂಡಿ, ಬಚ್ಚಲುಗುಂಡಿ, ಕೊಳೆತ ನೀರು ನಿಂತ ಕಡೆಗಳಲ್ಲಿ. ದುಗ್ಧರಸ ನಾಳಗಳು ಹುಳುಗಳಿಂದ ಹಾಳಾದಾಗ ರಸವು ಸರಾಗವಾಗಿ ಹರಿಯದೆ ಕಾಲು, ಕೈ ಬಾಯುತ್ತವೆ. ಗಂಡಸರಲ್ಲಿ ವೃಷಣದ ಚೀಲದಲ್ಲಿ ನೀರು ತುಂಬುವುದೂ ಈ ರೋಗದ ಒಂದು ರೂಪ. ಅದನ್ನು ನಾಚಿಕೆಯಿಂದ ಮುಚ್ಚಿಟ್ಟುಕೊಂಡು ವರ್ಷಗಟ್ಟಲೆ ನರಳುವವರು ನಮ್ಮ ಹಳ್ಳಿಗಳಲ್ಲಿ ಕಡಿಮೆಯಿಲ್ಲ. ಶಸ್ತ್ರಚಿಕಿತ್ಸೆಯಿಂದ ಅದು ಗುಣವಾಗುತ್ತದೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಹುಳು ಸಾಮಾನ್ಯವಾಗಿ ಬಾಲ್ಯದಲ್ಲಿಯೇ ದೇಹವನ್ನು ಸೇರುತ್ತದೆ. ಬಾವು ಕಾಣಿಸಿಕೊಳ್ಳುವುದು ಎಷ್ಟೋ ವರ್ಷಗಳ ತರುವಾಯ. ಸೋಂಕು ತಗಲಿದವರಲ್ಲಿ ಹೆಚ್ಚಿನವರಿಗೆ ಹೊರನೋಟಕ್ಕೆ ಯಾವ ತೊಂದರೆಯೂ ಇರುವುದಿಲ್ಲ. ಅವರು ಹೊಲಕ್ಕೆ ಹೋಗುತ್ತಾರೆ, ಶಾಲೆಗೆ ಹೋಗುತ್ತಾರೆ, ಮದುವೆ ಮುಂಜಿಗಳಲ್ಲಿ ಓಡಾಡುತ್ತಾರೆ. ಆದರೆ ಅವರ ರಕ್ತದಲ್ಲಿ ಮರಿಗಳಿರುತ್ತವೆ, ಸೊಳ್ಳೆ ಅವುಗಳನ್ನು ನೆರೆಮನೆಗೆ ಒಯ್ಯುತ್ತದೆ. ಇದಕ್ಕೆ ಪ್ರತಿಯಾಗಿ, ಕಾಲು ಬಾತು ಹತ್ತಾರು ವರ್ಷ ಕಳೆದ ಹಿರಿಯರ ರಕ್ತದಲ್ಲಿ ಅನೇಕ ವೇಳೆ ಒಂದು ಮರಿಯೂ ಸಿಗುವುದಿಲ್ಲ. ಊರಿನವರು ಯಾರನ್ನು ಕಂಡು ದೂರ ಸರಿಯುತ್ತಾರೋ ಅವರಿಂದ ರೋಗ ಹರಡದೆ, ಯಾರ ಮೇಲೂ ಅನುಮಾನವಿಲ್ಲದವರಿಂದ ಹರಡುತ್ತಿರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಈ ರೋಗದಲ್ಲಿ ರಕ್ತಪರೀಕ್ಷೆಗೆ ವಿಶೇಷ ಮಹತ್ವ ಬಂದಿದೆ.

ನಡುರಾತ್ರಿಯ ಪರೀಕ್ಷೆ

ಮನುಷ್ಯನ ರಕ್ತದಲ್ಲಿ ಈ ಮರಿಗಳನ್ನು ಮೊದಲು ಕಂಡ ಕೀರ್ತಿ ಭಾರತದ ನೆಲಕ್ಕೇ ಸಲ್ಲುತ್ತದೆ. 1872ರಲ್ಲಿ ಕಲ್ಕತ್ತೆಯಲ್ಲಿದ್ದ ತಿಮೋತಿ ಲೂಯಿಸ್ ಎಂಬ ವೈದ್ಯರು ಅದನ್ನು ವರದಿ ಮಾಡಿದರು. 1877ರಲ್ಲಿ ಚೀನಾದ ಅಮೋಯ್ ಬಂದರಿನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಎಂಬವರು ಈ ಮರಿಗಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ತೋರಿಸಿಕೊಟ್ಟರು. ಅವರೇ ಇನ್ನೊಂದು ಸೋಜಿಗವನ್ನೂ ಕಂಡುಹಿಡಿದರು. ಹಗಲಿನಲ್ಲಿ ತೆಗೆದ ರಕ್ತದಲ್ಲಿ ಮರಿಗಳು ಇಲ್ಲವೆನ್ನುವಷ್ಟು ಕಡಿಮೆ. ರಾತ್ರಿ ಕವಿದಂತೆ ಅವು ಏರುತ್ತವೆ, ನಡುರಾತ್ರಿಯ ಆಸುಪಾಸಿನಲ್ಲಿ ಅತಿ ಹೆಚ್ಚಾಗುತ್ತವೆ. ಹಗಲೆಲ್ಲ ಅವು ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ ಚರ್ಮದ ಸನಿಹದ ನಾಳಗಳಿಗೆ ಬರುತ್ತವೆ.

ಈ ಕಾರಣದಿಂದಲೇ ಆರೋಗ್ಯ ಇಲಾಖೆಯ ಸಿಬ್ಬಂದಿ ರಾತ್ರಿ ಎಂಟು, ಒಂಬತ್ತು ಗಂಟೆಯ ಮೇಲೆ ಮನೆಮನೆಗೆ ಬಂದು ಬೆರಳಿಗೆ ಸೂಜಿ ಚುಚ್ಚಿ ರಕ್ತ ಕೇಳುತ್ತಾರೆ. ಮಲಗಿದ ಮಕ್ಕಳನ್ನು ಎಬ್ಬಿಸುವುದೇಕೆಂದು ಬಾಗಿಲು ತೆರೆಯದ ಮನೆಗಳುಂಟು. ನಮಗೇನೂ ಆಗಿಲ್ಲ, ಮುಂದಿನ ಮನೆಗೆ ಹೋಗಿರೆಂದು ಕಳಿಸುವವರುಂಟು. ಸಿಬ್ಬಂದಿಯ ಕಷ್ಟವನ್ನೂ ಅವರು ಬರುವ ಹೊತ್ತಿನ ಅರ್ಥವನ್ನೂ ತಿಳಿದವರು ಹಾಗೆ ಹೇಳಲಾರರು.

ಹೀಗೆ ತೆಗೆದ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಒಣಗಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೂರು ವರ್ಷಕ್ಕೂ ಮೀರಿ ನಂಬಿಕೆ ಉಳಿಸಿಕೊಂಡ ಪದ್ಧತಿಯಿದು. ಇದಕ್ಕೆ ಒಂದು ಕೊರತೆಯಿದೆ. ಒಬ್ಬರ ರಕ್ತದ ಒಂದು ಮಿಲಿಲೀಟರಿನಲ್ಲಿ ಹತ್ತು ಮರಿಗಳಿವೆಯೆಂದು ಇಟ್ಟುಕೊಳ್ಳೋಣ. ಪಟ್ಟಿಯ ಮೇಲೆ ಹರಡುವುದು 60 ಮೈಕ್ರೋಲೀಟರ್, ಅಂದರೆ ಒಂದು ಮಿಲಿಲೀಟರಿನ ನೂರರಲ್ಲಿ ಆರು ಪಾಲು ಮಾತ್ರ. ಅದರಲ್ಲಿ ಸರಾಸರಿ ಒಂದು ಮರಿಯೂ ಬೀಳುವುದಿಲ್ಲ. ಸೋಂಕು ಇದ್ದವರೂ ಹೀಗೆ ಇಲ್ಲದವರ ಪಟ್ಟಿಗೆ ಸೇರಿಬಿಡುತ್ತಾರೆ. ಊರಿನಲ್ಲಿ ರೋಗ ವ್ಯಾಪಕವಾಗಿದ್ದಾಗ ಇದು ದೊಡ್ಡ ಸಮಸ್ಯೆಯಲ್ಲ, ಏಕೆಂದರೆ ಸಿಗುವವರು ಬೇಕಾದಷ್ಟಿರುತ್ತಾರೆ. ರೋಗ ತಗ್ಗುತ್ತ ಬಂದು, ಸಾವಿರಕ್ಕೆ ಒಬ್ಬಿಬ್ಬರ ರಕ್ತದಲ್ಲಿ ನಾಲ್ಕಾರು ಮರಿಗಳು ಉಳಿದಾಗ ಕಣ್ಣಿನ ಪರೀಕ್ಷೆ ಸೋಲುತ್ತದೆ.

ಹುಳುವಿನ ಸಹಿ

ಪ್ರತಿಯೊಂದು ಜೀವಿಯ ಜೀವಕೋಶದಲ್ಲಿಯೂ ಡಿಎನ್‌ಎ ಎಂಬ ನೂಲಿನಂತಹ ವಸ್ತುವಿದೆ. ಆ ಜೀವಿ ಹೇಗಿರಬೇಕೆಂಬ ಬರಹವೆಲ್ಲ ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಅದರ ಮೇಲಿದೆ. ಮನುಷ್ಯನ ಬರಹ ಬೇರೆ, ಸೊಳ್ಳೆಯದು ಬೇರೆ, ಹುಳುವಿನದು ಬೇರೆ. ಹುಳುವಿನ ಬರಹದಲ್ಲಿ ಅದಕ್ಕೇ ಮೀಸಲಾದ ಕೆಲವು ಸಾಲುಗಳಿವೆ. ವಿಶೇಷವೆಂದರೆ ಅಂತಹ ಕೆಲವು ಸಾಲುಗಳು ಒಂದೇ ಕಡೆ ಇರದೆ ನೂರಾರು ಸಲ ಮರುಕಳಿಸುತ್ತವೆ. ಒಂದೇ ಮರಿಹುಳುವಿನಲ್ಲಿ ನೂರಾರು ಜೀವಕೋಶಗಳು, ಒಂದೊಂದು ಕೋಶದಲ್ಲಿ ಅದೇ ಸಾಲಿನ ನೂರಾರು ಪ್ರತಿಗಳು. ಆದ್ದರಿಂದ ಹುಳುವಿನ ಚೂರೊಂದು ಸಿಕ್ಕರೂ ಸಾಕು, ಅದರ ಸಹಿ ಸಿಕ್ಕಂತೆಯೇ.

ಆದರೆ ಆ ಸಹಿ ಓದಲಾರದಷ್ಟು ಸಣ್ಣದು. ಅದನ್ನು ಕೋಟಿಪಟ್ಟು ಹೆಚ್ಚಿಸುವ ಉಪಾಯವೇ ಪಿಸಿಆರ್. 1983ರಲ್ಲಿ ಅಮೆರಿಕೆಯ ಕ್ಯಾರಿ ಮುಲ್ಲಿಸ್ ಎಂಬ ವಿಜ್ಞಾನಿಗೆ ಇದು ಹೊಳೆಯಿತು. 1993ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ರಕ್ತದಿಂದ ಬೇರ್ಪಡಿಸಿದ ಡಿಎನ್‌ಎಯನ್ನು ಪುಟ್ಟ ನಳಿಕೆಯಲ್ಲಿಟ್ಟು ಸುಮಾರು 95 ಡಿಗ್ರಿಗೆ ಕಾಯಿಸಿದರೆ ಜೋಡಿ ಎಳೆಗಳು ಬಿಡಿಯಾಗುತ್ತವೆ. ತಣಿಸಿದಾಗ, ಹುಳುವಿನ ಸಾಲಿಗೆ ಮಾತ್ರ ಅಂಟುವಂತೆ ಮೊದಲೇ ಸಿದ್ಧಪಡಿಸಿದ ಚಿಕ್ಕ ಎಳೆಗಳು ಹೋಗಿ ಕೂಡಿಕೊಳ್ಳುತ್ತವೆ. ಮತ್ತೆ 72 ಡಿಗ್ರಿಗೆ ಏರಿಸಿದಾಗ ಒಂದು ಕಿಣ್ವವು ಆ ಜಾಗದಿಂದ ಹೊಸ ಎಳೆಯನ್ನು ನೇಯುತ್ತದೆ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಮೂವತ್ತು ಸುತ್ತು ಮುಗಿಯುವಷ್ಟರಲ್ಲಿ ಲೆಕ್ಕದ ಪ್ರಕಾರ ಒಂದು ಸಾಲು 107 ಕೋಟಿ ಸಾಲುಗಳಾಗಿರುತ್ತದೆ. ಕುದಿಯುವಷ್ಟು ಬಿಸಿಯನ್ನು ತಾಳಿಕೊಳ್ಳುವ ಆ ಕಿಣ್ವವನ್ನು ಮೊದಲು ಪಡೆದದ್ದು ಅಮೆರಿಕೆಯ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಗಳಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾದಿಂದ. ರಕ್ತದಲ್ಲಿ ಹುಳುವಿನ ಡಿಎನ್‌ಎ ಇಲ್ಲದಿದ್ದರೆ ಚಿಕ್ಕ ಎಳೆಗಳು ಅಂಟಲು ಜಾಗವೇ ಸಿಗದೆ ನಳಿಕೆಯಲ್ಲಿ ಏನೂ ಬೆಳೆಯುವುದಿಲ್ಲ.

2020ರಲ್ಲಿ ಕೊರೊನಾ ಬಂದಾಗ ಮೂಗಿನ ದ್ರವವನ್ನು ತೆಗೆದು ಮಾಡಿದ ಪರೀಕ್ಷೆಯೂ ಇದೇ ತತ್ತ್ವದ್ದೆಂಬುದನ್ನು ಓದುಗರು ನೆನಪಿಸಿಕೊಳ್ಳಬಹುದು. ವುಚೆರೇರಿಯಾ ಹುಳುವಿಗಾಗಿ ಮನುಷ್ಯರ ರಕ್ತದಲ್ಲಿ ಮಾಡುವ ಇಂತಹ ಪಿಸಿಆರ್ ಪರೀಕ್ಷೆಯನ್ನು ವಿಜ್ಞಾನಿಗಳು 1996ರಲ್ಲಿಯೇ ಪ್ರಕಟಿಸಿದರು. ಒಂದು ಮರಿಹುಳುವಿನಲ್ಲಿರುವ ಡಿಎನ್‌ಎಯ ನೂರರಲ್ಲಿ ಒಂದು ಪಾಲು ಇದ್ದರೂ ಅದು ಗುರುತಿಸಬಲ್ಲುದಾಗಿತ್ತು. ಸೋಸುಕಾಗದದ ಮೇಲೆ ಒಣಗಿಸಿದ ರಕ್ತದ ಚುಕ್ಕೆಯಿಂದಲೂ ಪರೀಕ್ಷೆ ಮಾಡಬಹುದಾದ್ದರಿಂದ, ಹಳ್ಳಿಯಲ್ಲಿ ತೆಗೆದ ಮಾದರಿಯನ್ನು ದೂರದ ಪ್ರಯೋಗಾಲಯಕ್ಕೆ ಕಳಿಸುವುದೂ ಸುಲಭವಾಯಿತು. ತರುವಾಯ ಜಪಾನಿನಲ್ಲಿ ಲ್ಯಾಂಪ್ ಎಂಬ ಇನ್ನೊಂದು ವಿಧಾನ ಬಂದಿತು. ಕಾಯಿಸಿ ತಣಿಸುವ ದುಬಾರಿ ಯಂತ್ರ ಅದಕ್ಕೆ ಬೇಡ. ಸುಮಾರು 65 ಡಿಗ್ರಿಯ ಒಂದೇ ಬಿಸಿಯಲ್ಲಿ ಕೆಲಸ ಮುಗಿಯುತ್ತದೆ.

ಹುಳು ಸಿಗದಿದ್ದರೂ ಅದರ ಚೂರು ಸಿಕ್ಕೀತು

ಎಲ್ಲ ಹುಳುಗಳೂ ರಕ್ತದಲ್ಲಿ ಮರಿಗಳನ್ನು ಬಿಡುವುದಿಲ್ಲ. ಆಫ್ರಿಕಾದ ಅನೇಕ ದೇಶಗಳಲ್ಲಿಯೂ ಬ್ರೆಜಿಲ್‌ನಲ್ಲಿಯೂ ಇರುವ ಶಿಸ್ಟೊಸೋಮಾ ಎಂಬ ಹುಳು ಕರುಳಿನ ಅಥವಾ ಮೂತ್ರಕೋಶದ ಸುತ್ತಲಿನ ರಕ್ತನಾಳಗಳಲ್ಲಿ ವಾಸಿಸುತ್ತದೆ. ಕೆರೆ, ಹೊಳೆಗಳಲ್ಲಿ ಸ್ನಾನ ಮಾಡುವವರ ಚರ್ಮದ ಮೂಲಕ ಅದು ದೇಹವನ್ನು ಸೇರುತ್ತದೆ. ಮಲ ಅಥವಾ ಮೂತ್ರದಲ್ಲಿ ಅದರ ಮೊಟ್ಟೆಯನ್ನು ಹುಡುಕುವುದು ಹಳೆಯ ಪರೀಕ್ಷೆ. ಹುಳು ಬೆಳೆದು ಮೊಟ್ಟೆಯಿಡಲು ವಾರಗಳೇ ಬೇಕಾದ್ದರಿಂದ, ಮೊದಮೊದಲು ಜ್ವರ ಬಂದಾಗ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ.

ಆದರೆ ದೇಹದೊಳಗಿನ ಹುಳುವಿನ ಕೋಶಗಳು ಸತ್ತು ಕರಗುವಾಗ ಡಿಎನ್‌ಎಯ ಚೂರುಗಳು ರಕ್ತದ ತಿಳಿಯಲ್ಲಿ ತೇಲುತ್ತಿರುತ್ತವೆ. 1997ರಲ್ಲಿ ಹಾಂಗ್‌ಕಾಂಗಿನ ಡೆನ್ನಿಸ್ ಲೋ ಮತ್ತು ಸಂಗಡಿಗರು ಬಸುರಿಯ ರಕ್ತದಲ್ಲಿ ಗರ್ಭದ ಶಿಶುವಿನ ಡಿಎನ್‌ಎ ತೇಲುತ್ತಿರುವುದನ್ನು ತೋರಿಸಿದ ಮೇಲೆ ಇಂತಹ ಚೂರುಗಳತ್ತ ವೈದ್ಯರ ಗಮನ ಹರಿಯಿತು. 2009ರಲ್ಲಿ ಜರ್ಮನಿಯ ಸಂಶೋಧಕರು ಶಿಸ್ಟೊಸೋಮಾ ಹುಳುವಿನ ಚೂರುಗಳನ್ನು ಇದೇ ಬಗೆಯಲ್ಲಿ ರಕ್ತದ ತಿಳಿಯಿಂದ ಪತ್ತೆಹಚ್ಚಿದರು. ಸೋಂಕಿನ ಮೊದಲ ಜ್ವರದ ಹಂತದಲ್ಲಿದ್ದವರಲ್ಲಿಯೂ ಅದು ಸಿಕ್ಕಿತು. ಆಫ್ರಿಕಾ ದೇಶಗಳಿಗೆ ಉದ್ಯೋಗಕ್ಕೆ ಹೋಗಿಬರುವ ನಮ್ಮ ಬಂಧುಗಳು, ಅಲ್ಲಿನ ಕೆರೆ ಹೊಳೆಗಳಲ್ಲಿ ಇಳಿದಿದ್ದರೆ, ಊರಿಗೆ ಬಂದ ಮೇಲೆ ಜ್ವರ ಬಂದಾಗ ಅದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.

ಪರೀಕ್ಷೆಯ ಮಿತಿ

ಹೊಸದೆಂದ ಮಾತ್ರಕ್ಕೆ ಎಲ್ಲದಕ್ಕೂ ಅದೇ ಮದ್ದೆಂದು ತಿಳಿಯಬಾರದು. ಮೊದಲನೆಯದಾಗಿ, ಆನೆಕಾಲಿನ ಹುಳುವಿಗೆ ಡಿಎನ್‌ಎ ಪರೀಕ್ಷೆ ಮಾಡುವಾಗಲೂ ರಾತ್ರಿಯ ರಕ್ತವೇ ಮೇಲು. ಮರಿಗಳೇ ಇಲ್ಲದ ಹನಿಯಲ್ಲಿ ಅವುಗಳ ಸಹಿಯನ್ನು ಹುಡುಕುವುದು ಕಷ್ಟ. ಹಗಲಿನಲ್ಲಿಯೇ ಮಾಡಬಹುದಾದ ಬೇರೊಂದು ಪರೀಕ್ಷೆಯುಂಟು. ಬೆಳೆದ ಹುಳು ರಕ್ತಕ್ಕೆ ಬಿಡುವ ಪ್ರೋಟೀನನ್ನು ಗುರುತಿಸುವ ಪಟ್ಟಿ ಅದು. ಹತ್ತು ನಿಮಿಷದಲ್ಲಿ ಫಲಿತಾಂಶ ಬರುವುದರಿಂದ ಸರಕಾರದ ಸಮೀಕ್ಷೆಗಳಲ್ಲಿ ಅದನ್ನು ಬಳಸುತ್ತಾರೆ. ಆದರೆ ಮಾತ್ರೆ ಸೇವಿಸಿ ಮರಿಗಳೆಲ್ಲ ಹೋದ ಮೇಲೂ ಅದು ಬಹಳ ಕಾಲ ಸೋಂಕು ಇದೆಯೆಂದೇ ತೋರಿಸಬಹುದು. ಒಬ್ಬರ ರಕ್ತದಿಂದ ಸೊಳ್ಳೆಗೆ ಈಗ ಹುಳು ದಾಟುವ ಸಂಭವವಿದೆಯೇ ಎಂಬ ಪ್ರಶ್ನೆಗೆ ರಾತ್ರಿಯ ರಕ್ತದ ಪಿಸಿಆರ್ ಹೆಚ್ಚು ಹತ್ತಿರದ ಉತ್ತರ ಕೊಡುತ್ತದೆ.

ಎರಡನೆಯದಾಗಿ, ಹುಳು ಸತ್ತರೂ ಅದರ ಚೂರುಗಳು ಒಡನೆಯೇ ಮಾಯವಾಗುವುದಿಲ್ಲ. ಶಿಸ್ಟೊಸೋಮಾ ರೋಗಿಗಳಲ್ಲಿ ಚಿಕಿತ್ಸೆ ಮುಗಿದು ತಿಂಗಳುಗಟ್ಟಲೆ ಕಳೆದರೂ ಅವು ರಕ್ತದಲ್ಲಿ ಕಂಡುಬಂದಿವೆ. ಡಿಎನ್‌ಎ ಇದೆಯೆಂದಾಕ್ಷಣ ಜೀವಂತ ಹುಳುವಿದೆಯೆಂದು ಹೇಳಲಾಗದು.

ಮೂರನೆಯದಾಗಿ, ಮಕ್ಕಳ ಹೊಟ್ಟೆಯ ಜಂತುಹುಳು, ಕೊಕ್ಕೆಹುಳುಗಳಿಗೆ ರಕ್ತದ ಡಿಎನ್‌ಎ ಪರೀಕ್ಷೆ ಸೂಕ್ತವಲ್ಲ. ಅವು ಕರುಳಿನಲ್ಲಿರುವುದರಿಂದ ಮಲಪರೀಕ್ಷೆಯೇ ಸರಿ. ಅವುಗಳಿಗೆ ಪರೀಕ್ಷೆಗೂ ಕಾಯದೆ, 2015ರಿಂದ ಶಾಲೆ, ಅಂಗನವಾಡಿಗಳಲ್ಲಿ ಒಂದರಿಂದ ಹತ್ತೊಂಬತ್ತು ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆಯನ್ನು ಸರಕಾರವೇ ಕೊಡುತ್ತ ಬಂದಿದೆ.

ನಾಲ್ಕನೆಯದಾಗಿ ಲಾಡಿಹುಳುವಿನ ಮಾತು. ಇದನ್ನು ಸಸ್ಯಾಹಾರಿ ಕುಟುಂಬಗಳು ವಿಶೇಷವಾಗಿ ಗಮನಿಸಬೇಕು. ಹಂದಿಮಾಂಸದಿಂದ ಬರುವ ಹುಳು ನಮ್ಮ ಮನೆಗೇಕೆ ಬಂದೀತೆಂದು ಅನೇಕರು ಕೇಳುತ್ತಾರೆ. ಮಾಂಸ ತಿಂದವರ ಕರುಳಿನಲ್ಲಿ ಬೆಳೆಯುವುದು ದೊಡ್ಡ ಹುಳು. ಅವರ ಮಲದಿಂದ ಹೊರಬಿದ್ದ ಮೊಟ್ಟೆಗಳು ಮಣ್ಣು, ನೀರು, ತೊಳೆಯದ ಸೊಪ್ಪು, ತರಕಾರಿ, ಕೊಳೆಯಾದ ಕೈಗಳ ಮೂಲಕ ಯಾರ ಹೊಟ್ಟೆಯನ್ನಾದರೂ ಸೇರಬಹುದು. ಅಲ್ಲಿಂದ ಮರಿಗಳು ಮೆದುಳನ್ನು ಸೇರಿ ಗಂಟುಕಟ್ಟಿದರೆ ಫಿಟ್ಸ್ ಬರುತ್ತದೆ. ಈ ಸೋಂಕು ಹೆಚ್ಚಾಗಿರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆರೋಗದ ಸುಮಾರು ನೂರಕ್ಕೆ ಮೂವತ್ತು ಪ್ರಕರಣಗಳಿಗೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಎಂದೂ ಮಾಂಸ ಮುಟ್ಟದವರಿಗೂ ಇದು ಬರುತ್ತದೆ. ರಕ್ತದಲ್ಲಿ ಇದರ ಡಿಎನ್‌ಎ ಹುಡುಕುವ ಪ್ರಯತ್ನಗಳು ನಡೆದಿವೆಯಾದರೂ, ಗಂಟನ್ನು ಕಂಡುಹಿಡಿಯಲು ಸ್ಕ್ಯಾನಿಂಗೇ ಮುಖ್ಯ ಸಾಧನ. ಫಿಟ್ಸ್ ಬಂದ ಮಗಳನ್ನು ದೆವ್ವ ಬಿಡಿಸುವವರ ಬಳಿಗೆ ಕರೆದೊಯ್ಯುವುದಾಗಲಿ, ಸಂಬಂಧ ಕೆಟ್ಟೀತೆಂದು ಅಡಗಿಸಿಡುವುದಾಗಲಿ ಆ ಮಗುವಿಗೆ ಮಾಡುವ ಅನ್ಯಾಯ. ನರರೋಗ ತಜ್ಞರಿಗೆ ತೋರಿಸಿದರೆ ಔಷಧವುಂಟು.

ಡಿಎನ್‌ಎ ಪರೀಕ್ಷೆ ಎಲ್ಲಿ ಬೇಕಾಗುತ್ತದೆ?

ಆನೆಕಾಲು ರೋಗದ ಡಿಎನ್‌ಎ ಪರೀಕ್ಷೆ ತಾಲೂಕಿನ ಲ್ಯಾಬಿನಲ್ಲಿ ಹಣಕೊಟ್ಟು ಮಾಡಿಸಿಕೊಳ್ಳುವಂಥದಲ್ಲ. ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದಂತಹ ಸಂಸ್ಥೆಗಳಲ್ಲಿ ಅದರ ಕೆಲಸ ನಡೆಯುತ್ತದೆ. ಅದರ ನಿಜವಾದ ಉಪಯೋಗ ಇಡೀ ಊರಿನ ಆರೋಗ್ಯವನ್ನು ಅಳೆಯುವುದರಲ್ಲಿದೆ.

ಈ ರೋಗಕ್ಕೆ ಮಾತ್ರೆಗಳಿವೆ. ಡಿಇಸಿ ಎಂಬ ಮುಖ್ಯ ಔಷಧವನ್ನು 1940ರ ದಶಕದಲ್ಲಿ ಅಮೆರಿಕೆಯ ಲೆಡರ್ಲಿ ಪ್ರಯೋಗಾಲಯದಲ್ಲಿ ರೂಪಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು. ಐವರ್ಮೆಕ್ಟಿನ್ ಎಂಬ ಇನ್ನೊಂದು ಔಷಧಕ್ಕೆ ಕಾರಣರಾದ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಶಿ ಒಮುರಾ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಇವೆರಡರ ಜೊತೆಗೆ ಅಲ್ಬೆಂಡಜೋಲ್ ಸೇರಿಸಿ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮವನ್ನು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಭಾರತದಲ್ಲಿ ಈ ಕ್ರಮದ ಸುರಕ್ಷತೆಯನ್ನು ಪರಿಶೀಲಿಸಿದ ದೊಡ್ಡ ಅಧ್ಯಯನ ನಡೆದದ್ದು ನಮ್ಮ ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ. ಅಲ್ಲಿನ ಸಾವಿರಾರು ಸಾಮಾನ್ಯ ಜನ ರಕ್ತ ಕೊಟ್ಟು, ಮಾತ್ರೆ ನುಂಗಿ, ದೇಶಕ್ಕೆ ಉಪಕಾರ ಮಾಡಿದರು. ಇದು ದಾಸೋಹದ ಒಂದು ರೂಪವೆಂದೇ ನಾವು ಭಾವಿಸುತ್ತೇವೆ.

ಊರಿನ ಎಲ್ಲರೂ ಕೆಲವು ವರ್ಷ ಮಾತ್ರೆ ಸೇವಿಸಿದ ಮೇಲೆ, ರೋಗ ನಿಂತಿತೇ ಇಲ್ಲವೇ ಎಂಬುದನ್ನು ನಿರ್ಧರಿಸಬೇಕಾಗುತ್ತದೆ. ಅವಸರದಲ್ಲಿ ನಿಲ್ಲಿಸಿದರೆ ಉಳಿದ ನಾಲ್ಕಾರು ಜನರಿಂದ ರೋಗ ಮತ್ತೆ ಹಬ್ಬೀತು. ಸೂಕ್ಷ್ಮದರ್ಶಕಕ್ಕೆ ಕಾಣದ ಆ ಕೊನೆಯ ಮರಿಗಳನ್ನು ಹುಡುಕುವಾಗ ಡಿಎನ್‌ಎ ಪರೀಕ್ಷೆ ನೆರವಾಗುತ್ತದೆ. ಮನುಷ್ಯರ ರಕ್ತ ಮಾತ್ರವಲ್ಲದೆ ಸೊಳ್ಳೆಗಳನ್ನೂ ಹಿಡಿದು, ಇಪ್ಪತ್ತು ಇಪ್ಪತ್ತೈದನ್ನು ಒಟ್ಟಿಗೆ ಅರೆದು ಪರೀಕ್ಷಿಸುತ್ತಾರೆ. ಸೊಳ್ಳೆ ಕುಡಿದದ್ದು ನಮ್ಮ ರಕ್ತವನ್ನೇ ಅಲ್ಲವೇ? ಅದರ ಹೊಟ್ಟೆಯಲ್ಲಿ ಹುಳುವಿನ ಸಹಿ ಸಿಕ್ಕಿತೆಂದರೆ ಆ ಓಣಿಯಲ್ಲಿ ಇನ್ನೂ ಯಾರದೋ ರಕ್ತದಲ್ಲಿ ಮರಿಗಳಿವೆಯೆಂದು ತಿಳಿಯುತ್ತದೆ. 2016ರಲ್ಲಿ ಶ್ರೀಲಂಕಾ, 2023ರಲ್ಲಿ ಬಾಂಗ್ಲಾದೇಶ ಈ ರೋಗವನ್ನು ಸಾರ್ವಜನಿಕ ಸಮಸ್ಯೆಯಾಗಿ ಉಳಿಯದಂತೆ ನಿವಾರಿಸಿದವೆಂದು ವಿಶ್ವ ಆರೋಗ್ಯ ಸಂಸ್ಥೆ ಮಾನ್ಯ ಮಾಡಿತು. ಭಾರತ 2027ರ ಗುರಿ ಇಟ್ಟುಕೊಂಡಿದೆ.

ನಮ್ಮ ಮನೆಗಳು, ನಮ್ಮ ಮಠಗಳು

ಎಷ್ಟೇ ಸೂಕ್ಷ್ಮವಾದ ಪರೀಕ್ಷೆಯಾದರೂ ಕೊಡದ ರಕ್ತವನ್ನು ಅದು ಓದಲಾರದು. ರೋಗಿಗಳು ತಾವಾಗಿಯೇ ಆಸ್ಪತ್ರೆಗೆ ಹೋಗುತ್ತಾರೆ. ಈ ರೋಗದಲ್ಲಿ ಮುಂದೆ ಬರಬೇಕಾದವರು ತಮಗೇನೂ ಆಗಿಲ್ಲವೆಂದು ನಂಬಿರುವ ಗಟ್ಟಿಮುಟ್ಟಾದವರು. ರಾತ್ರಿ ರಕ್ತ ಕೇಳಿ ಬಂದವರಿಗೆ ಮನೆಯ ಯಜಮಾನರೇ ಮೊದಲು ಬೆರಳು ಚಾಚಿದರೆ ಮಕ್ಕಳು, ಸೊಸೆಯಂದಿರು, ಆಳುಕಾಳುಗಳು ಎಲ್ಲರೂ ಚಾಚುತ್ತಾರೆ. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಹತ್ತಾರು ಊರುಗಳ ಮಕ್ಕಳು ಒಂದೇ ಕಡೆ ಮಲಗುತ್ತಾರೆ. ಆರೋಗ್ಯ ಇಲಾಖೆಯವರನ್ನು ಅಲ್ಲಿಗೆ ಕರೆಸಿ, ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ರಕ್ತಪರೀಕ್ಷೆ ಮಾಡಿಸುವುದು ಒಂದು ಗಂಟೆಯ ಕೆಲಸ. ಪೂಜ್ಯರು ಒಂದು ಮಾತು ಹೇಳಿದರೆ ಊರೇ ಕೇಳುತ್ತದೆಂಬುದು ಎಲ್ಲರಿಗೂ ತಿಳಿದ ವಿಷಯ.

ಮಾತ್ರೆ ಕೊಡುವ ದಿನ ಅದನ್ನು ಜೇಬಿಗೆ ಹಾಕಿಕೊಳ್ಳದೆ, ಊಟವಾದ ಮೇಲೆ ಕೊಟ್ಟವರ ಎದುರಿಗೇ ನುಂಗಬೇಕು. ಎರಡು ವರ್ಷದೊಳಗಿನ ಕೂಸುಗಳು, ಗರ್ಭಿಣಿಯರು, ತೀವ್ರ ಕಾಯಿಲೆಯಲ್ಲಿರುವವರು ತೆಗೆದುಕೊಳ್ಳಬಾರದು. ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆನೋವು, ವಾಂತಿ ಬರಬಹುದು. ರಕ್ತದಲ್ಲಿದ್ದ ಮರಿಗಳು ಸಾಯುವಾಗ ಹೀಗಾಗುವುದುಂಟು. ಗಾಬರಿಯಾಗದೆ ಆರೋಗ್ಯ ಕಾರ್ಯಕರ್ತೆಗೆ ತಿಳಿಸಿದರೆ ಸಾಕು. ಚರಂಡಿ, ಬಚ್ಚಲುಗುಂಡಿಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದೂ, ಸೊಳ್ಳೆಪರದೆ ಕಟ್ಟಿ ಮಲಗುವುದೂ ಇದರ ಜೊತೆಗೆ ನಡೆಯಬೇಕು.

ಈಗಾಗಲೇ ಕಾಲು ಬಾತಿರುವ ಹಿರಿಯರನ್ನು ನಾವು ಮರೆಯಬಾರದು. ಡಿಎನ್‌ಎ ಪರೀಕ್ಷೆಯಿಂದ ಅವರಿಗೆ ಹೆಚ್ಚಿನ ಪ್ರಯೋಜನವಿಲ್ಲ. ಅವರಿಗೆ ಬೇಕಾದದ್ದು ಆರೈಕೆ. ದಿನಕ್ಕೊಮ್ಮೆಯಾದರೂ ಕಾಲನ್ನು ಸಾಬೂನು, ಶುದ್ಧ ನೀರಿನಿಂದ ಮೃದುವಾಗಿ ತೊಳೆದು, ಬೆರಳುಗಳ ಸಂದಿಯಲ್ಲಿ ತೇವ ಉಳಿಯದಂತೆ ಒರೆಸಬೇಕು. ಗಾಯವಿದ್ದರೆ ಮುಲಾಮು ಹಚ್ಚಬೇಕು. ಕುಳಿತಾಗ, ಮಲಗಿದಾಗ ಕಾಲನ್ನು ಸ್ವಲ್ಪ ಎತ್ತರಿಸಿಡಬೇಕು. ಹೀಗೆ ಮಾಡಿದರೆ ಪದೇ ಪದೇ ಬರುವ ಜ್ವರ ಮತ್ತು ನೋವು ಬಹಳಷ್ಟು ತಗ್ಗುತ್ತವೆ. ಬಗ್ಗಲಾರದ ವಯಸ್ಸಿನವರಿಗೆ ಈ ಕೆಲಸವನ್ನು ಮನೆಯವರೇ ಮಾಡಿಕೊಡಬೇಕು. ಜಂಗಮರ ಪಾದ ತೊಳೆದು ಪಾದೋದಕವನ್ನು ಸ್ವೀಕರಿಸುವ ಸಂಸ್ಕಾರದಲ್ಲಿ ಬೆಳೆದ ನಮಗೆ, ಮನೆಯ ಹಿರಿಯರ ಬಾತ ಕಾಲನ್ನು ತೊಳೆಯುವುದು ಹೇಸಿಗೆಯ ಕೆಲಸವಾಗಬಾರದು. ಅವರನ್ನು ಪಂಕ್ತಿಯಲ್ಲಿ ಎಲ್ಲರೊಡನೆ ಕೂಡಿಸಿ ಊಟ ಬಡಿಸೋಣ. ಅವರಿಂದ ಯಾರಿಗೂ ಮುಟ್ಟಿ ರೋಗ ಬರುವುದಿಲ್ಲ.

ಈ ವರ್ಷ ನಿಮ್ಮ ಊರಿಗೆ ರಾತ್ರಿಯ ರಕ್ತಪರೀಕ್ಷೆಯವರು ಬಂದರೆ ದೀಪ ಹಚ್ಚಿ ಬಾಗಿಲು ತೆರೆಯಿರಿ, ಕುಡಿಯಲು ನೀರು ಕೊಡಿ, ಮನೆಯವರೆಲ್ಲರ ಹೆಸರನ್ನೂ ಬರೆಸಿರಿ. ಇಷ್ಟನ್ನು ನಮ್ಮ ಓದುಗ ಬಂಧುಗಳಲ್ಲಿ ಬೇಡಿಕೊಳ್ಳುತ್ತೇವೆ.